ಎಸ್‌ಟಿಪಿಯಲ್ಲಿ ನೀರಿಗಿಂತ ಮೊದಲು ಕೆಸರು ನೋಡಿ

ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಲು ಇಳಿದು ಬರುವ ಕಮಿಟಿಯವರು ನೇರವಾಗಿ ಹೋಗಿ ನಿಲ್ಲುವುದು ಕೊನೆಯ ಟ್ಯಾಂಕಿನ ಹತ್ತಿರ. ಗಾಜಿನ ಲೋಟದಲ್ಲಿ ಒಂದಿಷ್ಟು ನೀರು ಹಿಡಿಸಿ, ಟ್ಯೂಬ್‌ಲೈಟಿಗೆ ಎತ್ತಿ ನೋಡಿ, "ಪರವಾಗಿಲ್ಲ, ಕ್ಲಿಯರ್ ಇದೆ" ಅಂತ ಹೇಳಿ ಮೂಗು ಮುಚ್ಚಿಕೊಂಡು ಮೇಲೆ ಹೋಗುತ್ತಾರೆ. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ನಿರ್ವಹಣೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕೊನೆಯ ಟ್ಯಾಂಕಿಗೆ ಹೋಗುವುದು ಉಳಿದದ್ದೆಲ್ಲ ಮುಗಿದ ಮೇಲೆ. ಮೊದಲು ಏರೇಷನ್ ಟ್ಯಾಂಕಿನ, ಅಂದರೆ ಗಾಳಿ ಊದುವ ಟ್ಯಾಂಕಿನ ಬಣ್ಣ ನೋಡುತ್ತೇನೆ, ಆಮೇಲೆ ಲಾಗ್‌ಬುಕ್ ತೆಗೆದು ಸ್ಲಡ್ಜ್, ಅಂದರೆ ಕೆಸರು, ಕೊನೆಯ ಸಲ ಹೊರಗೆ ಹೋದದ್ದು ಯಾವಾಗ ಅಂತ ಹುಡುಕುತ್ತೇನೆ. ಅದನ್ನು ಬರೆದೇ ಇಲ್ಲವಾದರೆ, ಇವತ್ತಿನ ನೀರು ಎಷ್ಟೇ ತಿಳಿಯಾಗಿರಲಿ, ಈ ನೀರೇ ತಿರುಗಿ ಮನೆಗಳ ಫ್ಲಶ್‌ಗೆ ಹೋಗುವುದರಿಂದ ಸ್ವಲ್ಪ ದಿನದಲ್ಲೇ "ಸಾರ್, ಫ್ಲಶ್ ನೀರು ವಾಸನೆ ಬರ್ತಿದೆ" ಅಂತ ಫೋನ್ ಬರುತ್ತದೆ.

ಯಾಕೆ ಅನ್ನುವುದಕ್ಕೆ ಒಳಗೆ ನಡೆಯುವುದನ್ನು ಸ್ವಲ್ಪ ಹೇಳಬೇಕು.

ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರೆಲ್ಲ ಮೊದಲು ಬಂದು ಬೀಳುವುದು ಬಾರ್ ಸ್ಕ್ರೀನಿಗೆ. ಪ್ಲಾಸ್ಟಿಕ್ ಚೂರು, ಪ್ಯಾಡು, ಕೂದಲು, ವೆಟ್ ವೈಪ್ಸು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಫ್ಲಶ್ ಮಾಡಬಹುದು ಅಂತ ಪ್ಯಾಕೆಟ್ಟಿನ ಮೇಲೆ ಬರೆದ ವೈಪ್ಸ್ ಕರಗಿದ್ದನ್ನು ನಾನಂತೂ ಕಂಡಿಲ್ಲ. ಅಡುಗೆಮನೆಯ ಜಿಡ್ಡು ತಡೆಯಲು ಆಯಿಲ್ ಟ್ರ್ಯಾಪ್ ಇರುತ್ತದೆ. ಅದಾದ ಮೇಲೆ ಈಕ್ವಲೈಸೇಶನ್ ಟ್ಯಾಂಕು: ಬೆಳಿಗ್ಗೆ ಆರರಿಂದ ಹತ್ತರೊಳಗೆ ನುಗ್ಗಿ ಬರುವ ನೀರನ್ನು ಇಲ್ಲಿ ಹಿಡಿದಿಟ್ಟು, ಇಡೀ ದಿನಕ್ಕೆ ಹಂಚಿ, ಒಂದೇ ಹದದಲ್ಲಿ ಮುಂದಕ್ಕೆ ಪಂಪ್ ಮಾಡುತ್ತೇವೆ. ಕೊನೆಗೆ ಬರುವ ಸ್ಯಾಂಡ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಹೈಪೋ (ಕ್ಲೋರಿನ್ ದ್ರಾವಣ) ಡೋಸಿಂಗ್ ಎಲ್ಲರಿಗೂ ಗೊತ್ತಿರುವವೇ. ಮನೆಯ ವಾಟರ್ ಫಿಲ್ಟರ್ ಹಾಗೇ ಇರುವುದರಿಂದ ಜನರಿಗೆ ಅವುಗಳ ಮೇಲೆ ವಿಪರೀತ ನಂಬಿಕೆ. ಆದರೆ ನೀರಿನ ಹೊಲಸು ನಿಜವಾಗಿ ಹೋಗುವುದು ನಡುವಿನ ಎರಡು ಟ್ಯಾಂಕುಗಳಲ್ಲಿ. ಅಲ್ಲಿ ಕೆಟ್ಟರೆ ಫಿಲ್ಟರ್ ಏನೂ ಮಾಡಲಾರದು, ಕಟ್ಟಿಕೊಂಡು ಕೂರುತ್ತದೆ ಅಷ್ಟೆ.

ಏರೇಷನ್ ಟ್ಯಾಂಕಿನಲ್ಲಿ ಬ್ಲೋವರ್ ಗಾಳಿ ತಳದ ಡಿಫ್ಯೂಸರುಗಳ ಮೂಲಕ ಸಣ್ಣ ಸಣ್ಣ ಗುಳ್ಳೆಯಾಗಿ ಏಳುತ್ತದೆ. ಬ್ಯಾಕ್ಟೀರಿಯಾಗಳು ಆ ಆಮ್ಲಜನಕ ಬಳಸಿಕೊಂಡು ನೀರಿನಲ್ಲಿ ಕರಗಿದ ಹೊಲಸನ್ನು ತಿಂದು ಬೆಳೆಯುತ್ತವೆ, ಒಂದಕ್ಕೊಂದು ಅಂಟಿ ಕಂದು ಬಣ್ಣದ ಚೂರುಗಳಾಗುತ್ತವೆ. ಮುಂದಿನ ಸೆಟ್ಲಿಂಗ್ ಟ್ಯಾಂಕಿನಲ್ಲಿ ಗಾಳಿ ಇಲ್ಲ. ಚೂರುಗಳು ತಳಕ್ಕೆ ಕೂರುತ್ತವೆ, ತಿಳಿನೀರು ಮೇಲಿನ ಅಂಚಿನಿಂದ ಹರಿದು ಹೋಗುತ್ತದೆ. ಕೂತ ಕೆಸರನ್ನು ಪಂಪಿನಲ್ಲಿ ಎತ್ತಿ ಮತ್ತೆ ಏರೇಷನ್ ಟ್ಯಾಂಕಿಗೇ ಹಾಕುತ್ತೇವೆ. ನಿನ್ನೆಯ ಮೊಸರಿನಲ್ಲಿ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ.

ಈ ಕೆಲಸದ ಇತಿಹಾಸದಲ್ಲಿ ದೊಡ್ಡ ತಿರುವು ಬಂದದ್ದೂ ಆ ಹೆಪ್ಪಿನಿಂದಲೇ. ಕೊಳಚೆ ನೀರಿಗೆ ಗಾಳಿ ಊದಿದರೆ ಶುದ್ಧವಾಗುತ್ತದೆ ಅನ್ನುವುದು ಹಿಂದೆಯೇ ಗೊತ್ತಿತ್ತು, ಆದರೆ ಅದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೇ ಹೊಸ ಕೊಳಚೆ ನೀರು ಸುರಿದು, ಮತ್ತೆ ಗಾಳಿ ಊದಿದರು. ಸಲದಿಂದ ಸಲಕ್ಕೆ ಸಮಯ ಇಳಿಯುತ್ತ ಬಂದು ವಾರಗಳ ಕೆಲಸ ತಾಸುಗಳಿಗೆ ಬಂತು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಇವತ್ತು ಗುಂಯ್‌ಗುಡುತ್ತಿರುವ ಎಷ್ಟೋ ಎಸ್‌ಟಿಪಿಗಳ ಒಳಗಿರುವುದು ಅದೇ ವಿಧಾನ.

ಉಳಿಸಿಕೊಳ್ಳಬೇಕು ಸರಿ, ಎಷ್ಟು ಉಳಿಸಿಕೊಳ್ಳಬೇಕು? ನಮ್ಮ ಕೆಲಸದ ಜಗಳವೆಲ್ಲ ಇಲ್ಲೇ. ಒಂದು ಲೆಕ್ಕ ಹಾಕೋಣ. ಇನ್ನೂರು ಮನೆಗಳ ಅಪಾರ್ಟ್‌ಮೆಂಟಿನಿಂದ ದಿನಕ್ಕೆ ಸುಮಾರು ಒಂದು ಲಕ್ಷ ಲೀಟರ್ ಕೊಳಚೆ ನೀರು ಬರುತ್ತದೆ ಅಂತಿಟ್ಟುಕೊಳ್ಳಿ. ಮನೆಬಳಕೆಯ ಕೊಳಚೆಯಲ್ಲಿ ಬಿಓಡಿ (ಹೊಲಸು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 250 ಮಿಲಿಗ್ರಾಂ ಆಸುಪಾಸು. ಅಂದರೆ ದಿನಕ್ಕೆ 25 ಕೆಜಿ ಆಹಾರ ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾದ, ಬಹಳ ಹೊತ್ತು ಗಾಳಿ ಊದುವ ದೀರ್ಘ ಏರೇಷನ್ ವಿಧಾನದಲ್ಲಿ ಅದರ ಕಾಲು ಭಾಗದಷ್ಟು ಹೊಸ ಕೆಸರಾಗಿ ಉಳಿಯುತ್ತದೆ, ಒಣ ತೂಕದಲ್ಲಿ ದಿನಕ್ಕೆ ಆರು ಕೆಜಿ. ಏರೇಷನ್ ಟ್ಯಾಂಕಿನ ಗಾತ್ರ 70,000 ಲೀಟರ್, ಅದರಲ್ಲಿ ಲೀಟರಿಗೆ 3,500 ಮಿಲಿಗ್ರಾಂ ಕೆಸರು ಇದೆ ಅಂದರೆ ಒಟ್ಟು ಸುಮಾರು 250 ಕೆಜಿ. ಒಂದು ತಿಂಗಳು ಏನೂ ಹೊರಗೆ ತೆಗೆಯದಿದ್ದರೆ ಅದಕ್ಕೆ 180 ಕೆಜಿ ಸೇರಿ ಲೀಟರಿಗೆ 6,000 ದಾಟುತ್ತದೆ. ಆಪರೇಟರ್ ಏನೂ ತಪ್ಪು ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

6,000 ಆದ ಮೇಲೆ ಸೆಟ್ಲಿಂಗ್ ಟ್ಯಾಂಕಿನಲ್ಲಿ ಕೆಸರು ಕೂರಲು ಜಾಗ ಸಾಲುವುದಿಲ್ಲ. ಬೆಳಗಿನ ಹೊತ್ತು ಅಂಚಿನ ಮೇಲಿಂದ ಕಂದು ಮೋಡ ಹೊರಳಿ ಹೋಗುತ್ತದೆ. ಸ್ಯಾಂಡ್ ಫಿಲ್ಟರಿನ ಪ್ರೆಷರ್ ಏರುತ್ತದೆ, ದಿನಕ್ಕೊಮ್ಮೆ ನೀರು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್ ಮೂರು ಸಲ ಮಾಡಬೇಕಾಗುತ್ತದೆ, ಆ ಬ್ಯಾಕ್‌ವಾಶ್ ನೀರು ತಿರುಗಿ ಈಕ್ವಲೈಸೇಶನ್ ಟ್ಯಾಂಕಿಗೇ ಬರುತ್ತದೆ. ಹೈಪೋ ಎಷ್ಟು ಸುರಿದರೂ ಕೆಸರೇ ಅದನ್ನು ನುಂಗಿಬಿಡುತ್ತದೆ. ಮೂರನೇ ಮಹಡಿಯ ಮೇಡಂ ಕಮೋಡಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು ಆಗಲೇ. ಕಮಿಟಿಯವರು ತಕ್ಷಣ ಕೇಳುವುದು, "ಫಿಲ್ಟರ್ ಮೀಡಿಯಾ ಬದಲಾಯಿಸಬೇಕಾ?" ಮೀಡಿಯಾ ಅಂದರೆ ಫಿಲ್ಟರಿನೊಳಗಿನ ಮರಳು, ಕಾರ್ಬನ್.

ಕೆಸರಿನ ಸ್ಥಿತಿ ತಿಳಿಯಲು ಲ್ಯಾಬ್ ರಿಪೋರ್ಟ್ ಕಾಯಬೇಕಿಲ್ಲ. ಒಂದು ಲೀಟರಿನ ಅಳತೆ ಜಾಡಿ ಸಾಕು. ಏರೇಷನ್ ಟ್ಯಾಂಕಿನ ನೀರನ್ನು ಗೆರೆ ಮುಟ್ಟುವವರೆಗೆ ತುಂಬಿ, ಅಲುಗಾಡದ ಕಡೆ ಇಟ್ಟು ಅರ್ಧ ಗಂಟೆ ಬಿಡಬೇಕು. ಚೆನ್ನಾಗಿರುವ ಕೆಸರು ಮೊದಲ ಐದು ನಿಮಿಷದಲ್ಲೇ ಒಂದಕ್ಕೊಂದು ಹಿಡಿದುಕೊಂಡು ಇಳಿಯಲು ಶುರು ಮಾಡುತ್ತದೆ, ಮೇಲೆ ಸ್ಪಷ್ಟ ಗೆರೆ ಕಾಣುತ್ತದೆ. ಅರ್ಧ ಗಂಟೆಗೆ 300ರಿಂದ 400 ಮಿಲಿಲೀಟರಿನಲ್ಲಿ ನಿಂತರೆ ನಾನು ನೆಮ್ಮದಿಯಾಗಿ ಟೀ ಕುಡಿಯುತ್ತೇನೆ. 700ರಲ್ಲೇ ನಿಂತರೆ ಎರಡು ಸಾಧ್ಯತೆ: ಕೆಸರು ಜಾಸ್ತಿಯಾಗಿದೆ, ಇಲ್ಲವೇ ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಾಗಿ ಕೆಸರು ಹತ್ತಿಯಂತಾಗಿದೆ. ಯಾವುದು ಅಂತ ತಿಳಿಯಲು ಇನ್ನೊಂದು ಜಾಡಿಯಲ್ಲಿ ಅರ್ಧ ಕೆಸರು, ಅರ್ಧ ತಿಳಿನೀರು ಹಾಕಿ ಇಡುತ್ತೇವೆ. ಅದು ಸರಸರ ಇಳಿದರೆ ಕೆಸರು ಜಾಸ್ತಿಯಾಗಿದೆ ಅಷ್ಟೆ, ಹೊರಗೆ ಹಾಕಿದರೆ ಮುಗಿಯಿತು. ಹಾಗೂ ಇಳಿಯದಿದ್ದರೆ ಗಾಳಿ ಕಡಿಮೆಯಾಗಿದೆಯೋ, ಜಿಡ್ಡು ಒಳಗೆ ಬರುತ್ತಿದೆಯೋ ಹುಡುಕಬೇಕು.

ಜಾಡಿಯನ್ನು ಅರ್ಧ ಗಂಟೆಗೇ ಚೆಲ್ಲಬೇಡಿ ಅಂತ ಹುಡುಗರಿಗೆ ಹೇಳುತ್ತಿರುತ್ತೇನೆ. ಇನ್ನೊಂದೆರಡು ತಾಸು ಬಿಟ್ಟರೆ ಕೆಲವು ಸಲ ಕೂತ ಕೆಸರು ಗಡ್ಡೆಗಟ್ಟಿ ಮೇಲೆ ತೇಲಿ ಬರುತ್ತದೆ. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡಿರುತ್ತವೆ, ಗಾಳಿ ಸಿಗದಾಗ ಆ ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ, ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೆಸರನ್ನು ಎತ್ತುತ್ತದೆ. ಸೆಟ್ಲಿಂಗ್ ಟ್ಯಾಂಕಿನಲ್ಲಿ ಕೆಸರಿನ ಗಡ್ಡೆ ತೇಲುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ತಳದ ಕೆಸರು ಅಲ್ಲಿ ಬಹಳ ಹೊತ್ತು ಕೂತಿದೆ, ವಾಪಸ್ ಕಳಿಸುವ ಪಂಪ್ ನಿಧಾನವಾಗಿದೆ ಅಥವಾ ಕಟ್ಟಿಕೊಂಡಿದೆ.

ಒಂದು ಕಡೆ ಹೀಗಾಯಿತು. ಕಂದು ಬಣ್ಣ ಇರಬೇಕಾದ ಏರೇಷನ್ ಟ್ಯಾಂಕು ಬೂದಿ ಬಣ್ಣಕ್ಕೆ ತಿರುಗಿತ್ತು, ಬೆಳಿಗ್ಗೆ ಲಿಫ್ಟಿನವರೆಗೂ ಕೊಳೆತ ಮೊಟ್ಟೆ ವಾಸನೆ. ಲಾಗ್‌ಬುಕ್ಕಿನಲ್ಲಿ ಬ್ಲೋವರ್ 24 ತಾಸು ಓಡಿದೆ ಅಂತ ನೀಟಾಗಿ ಬರೆದಿತ್ತು. ಆಪರೇಟರ್ ಕೊಪ್ಪಳದ ಕಡೆಯ ಹುಡುಗ. ಪಕ್ಕಕ್ಕೆ ಕರೆದು ಕೇಳಿದೆ. "ಸರ, ರಾತ್ರಿ ಹನ್ನೊಂದಕ್ಕ ಬಂದ್ ಮಾಡು, ಕರೆಂಟ್ ಬಿಲ್ ಭಾಳ ಬರಾಕತ್ತೈತಿ ಅಂತ ಹೇಳ್ಯಾರ್ರಿ. ಮುಂಜಾನಿ ಚಾಲೂ ಮಾಡಿದ್ರ ಒಂದ್ ತಾಸು ಇಲ್ಲಿ ನಿಂದ್ರಾಕ ಆಗಂಗಿಲ್ರಿ" ಅಂದ. ನೌಕರಿ ಅವನದು, ಮಾತು ಖಜಾಂಚಿಯವರದು. ಅವನನ್ನು ಬೈದು ಏನು ಪ್ರಯೋಜನ?

ಖಜಾಂಚಿಯವರು ನಿವೃತ್ತ ಬ್ಯಾಂಕ್ ಅಧಿಕಾರಿ, ಲೆಕ್ಕ ಅರ್ಥವಾಗುವ ಮನುಷ್ಯ. ಅವರಿಗೆ ಬ್ಯಾಕ್ಟೀರಿಯಾದ ಕಥೆ ಹೇಳಲಿಲ್ಲ, ಜಾಡಿ ತೋರಿಸಿದೆ. ಅರ್ಧ ಗಂಟೆಯಾದರೂ ಗೆರೆ ಒಂಬೈನೂರರ ಕೆಳಗೆ ಇಳಿಯಲಿಲ್ಲ. "ಸಾರ್, ಈ ಕೆಸರಿಗೂ ಉಸಿರಾಡಲು ಆಮ್ಲಜನಕ ಬೇಕು. ನಿಮ್ಮ ಬ್ಲೋವರ್ ಊದುವ ಗಾಳಿಯಲ್ಲಿ ದೊಡ್ಡ ಪಾಲು ಹೊಲಸು ಕರಗಿಸಲು ಹೋಗುತ್ತಿಲ್ಲ, ಬೇಡದ ಕೆಸರನ್ನು ಸಾಕಲು ಹೋಗುತ್ತಿದೆ" ಅಂದೆ. ಹೆಚ್ಚುವರಿ ಕೆಸರು ತೆಗೆದು ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ನಿಲ್ಲುವ ಹಾಗೆ ಮಾಡಿದರೆ, ಆಮೇಲೆ ಬ್ಲೋವರಿಗೆ ವೇಗ ಇಳಿಸುವ ಡ್ರೈವ್ ಹಾಕಬಹುದು, ಉಳಿತಾಯ ಅಲ್ಲಿದೆ. ಅವರು ಕೇಳಿದ ಮೊದಲ ಪ್ರಶ್ನೆ ಇದು: "ಹಾಗಾದರೆ ಇಷ್ಟು ದಿನ ಕೆಸರು ಯಾಕೆ ತೆಗೆದಿಲ್ಲ?"

ಉತ್ತರ ಎಸ್‌ಟಿಪಿ ರೂಮಿನ ಮೂಲೆಯಲ್ಲೇ ಇತ್ತು. ಕೆಸರಿನ ನೀರು ಹಿಂಡಿ ತೆಗೆಯುವ ಫಿಲ್ಟರ್ ಪ್ರೆಸ್, ಅದರ ಬಟ್ಟೆಗಳು ಹರಿದು ಕಲ್ಲಿನಂತಾಗಿದ್ದವು. ಮೇಲೆ ಯಾರೋ ಹಳೆಯ ಸೈಕಲ್ ಒರಗಿಸಿದ್ದರು. ದಿನಕ್ಕೆ ಆರು ಕೆಜಿ ಒಣ ಕೆಸರು ಅಂದರೆ ದ್ರವರೂಪದಲ್ಲಿ 600 ಲೀಟರಿಗೂ ಹೆಚ್ಚು, ಏಕೆಂದರೆ ಅದರಲ್ಲಿ ಶೇಕಡಾ 99ರಷ್ಟು ನೀರೇ. ಪ್ರೆಸ್‌ನಲ್ಲಿ ಹಿಂಡಿದರೆ ಇಪ್ಪತ್ತು-ಇಪ್ಪತ್ತೈದು ಕೆಜಿ ಗಟ್ಟಿ ಕೆಸರು, ಅಂದರೆ ಕೇಕ್, ಆಗುತ್ತದೆ. ಹಿಂಡುವುದು ಕೊಳಕು ಕೆಲಸ. ಪ್ಲೇಟ್ ಬಿಗಿಯಬೇಕು, ಬಿಚ್ಚಬೇಕು, ಕೆರೆಯಬೇಕು, ಬಟ್ಟೆ ತೊಳೆಯಬೇಕು. ಒಬ್ಬನೇ ಆಪರೇಟರಿಗೆ ಮೀಟರ್ ನೋಡುವುದರಿಂದ ಹಿಡಿದು ಗಾರ್ಡನ್ ಪೈಪ್ ಜೋಡಿಸುವವರೆಗೆ ಎಲ್ಲ ಒಪ್ಪಿಸಿ, ಸಂಬಳದಲ್ಲಿ ಜಿಪುಣತನ ಮಾಡಿದರೆ ಅವನು ಮೊದಲು ಬಿಡುವ ಕೆಲಸ ಇದೇ. ನಾನಿದ್ದರೂ ಇದನ್ನೇ ಬಿಡುತ್ತಿದ್ದೆ.

ಇಲ್ಲೊಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಕೆಸರು ತಳದಲ್ಲಿ ಗಟ್ಟಿಯಾಗಿ ಪಂಪಿಗೆ ಬರದಿದ್ದಾಗ, "ಯಾರನ್ನಾದರೂ ಒಳಗೆ ಇಳಿಸಿ ಕ್ಲೀನ್ ಮಾಡಿಸಿ, ಎಷ್ಟಾಗುತ್ತೆ ಹೇಳಿ" ಅನ್ನುವವರು ಈಗಲೂ ಸಿಗುತ್ತಾರೆ. ಕೊಳೆತ ಕೆಸರು ಕೆದಕಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕಡಿಮೆ ಇದ್ದಾಗ ಮೊಟ್ಟೆ ವಾಸನೆ, ಹೆಚ್ಚಾದಾಗ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ, ಆಮೇಲೆ ಮನುಷ್ಯ ಕುಸಿಯಲು ಕೆಲವೇ ಉಸಿರು. ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಂಥ ಸಾವಿಗೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಮಾತ್ರ ಸಕ್ಷನ್ ಲಾರಿ ತರಿಸುತ್ತೇವೆ. ಲಾರಿ ಬೇಸ್‌ಮೆಂಟಿಗೆ ಇಳಿಯುವುದಿಲ್ಲ ಅಂದರೆ ಪೈಪ್ ಉದ್ದ ಮಾಡುತ್ತೇವೆ. ಅದೂ ಆಗದಿದ್ದರೆ ಕೆಲಸ ನಿಲ್ಲುತ್ತದೆ.

ಆ ಅಪಾರ್ಟ್‌ಮೆಂಟಿನಲ್ಲಿ ಮೊದಲು ಬ್ಲೋವರ್ ರಾತ್ರಿಯೂ ಓಡಿಸಿದೆವು. ಹೊಸ ಬಟ್ಟೆ ಹಾಕಿ ಪ್ರೆಸ್ ಶುರು ಮಾಡಿ, ಪ್ರತಿದಿನ ಸ್ವಲ್ಪ ಸ್ವಲ್ಪ ಕೆಸರು ತೆಗೆದೆವು. ಒಂದೇ ಸಲ ಅರ್ಧಕ್ಕರ್ಧ ತೆಗೆದರೆ ಬ್ಯಾಕ್ಟೀರಿಯಾದ ಸಮತೋಲ ಕೆಡುತ್ತದೆ, ನಿಧಾನ ಬೆಳೆಯುವ ನೈಟ್ರೇಟ್ ಮಾಡುವವು ಮೊದಲು ಹೋಗುತ್ತವೆ. ವಾರದೊಳಗೆ ವಾಸನೆ ಇಳಿಯಿತು, ಟ್ಯಾಂಕು ಕಂದು ಬಣ್ಣಕ್ಕೆ ಬಂತು, ಮಳೆ ಬಿದ್ದ ಮಣ್ಣಿನಂಥ ಘಮ ಬರತೊಡಗಿತು. ಫಿಲ್ಟರ್ ಮೀಡಿಯಾ ಮುಟ್ಟಲೇ ಇಲ್ಲ.

ನಡುವೆ ಹಿರಿಯರೊಬ್ಬರು ನಾಲ್ಕು ಬುಟ್ಟಿ ಸಗಣಿ ಹಾಕಿಸಿ ಅಂತ ಸಲಹೆ ಕೊಟ್ಟರು. ಇದು ಎಲ್ಲ ಕಡೆ ಕೇಳಿಬರುವ ಸಲಹೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಗಾಳಿ ಇಲ್ಲದ ಕಡೆ ಬದುಕುವಂಥವು, ಸಗಣಿಯಲ್ಲಿ ಉಳಿದದ್ದು ನಾರು. ಹೊಸ ಪ್ಲಾಂಟ್ ಶುರು ಮಾಡುವಾಗ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಕೆಸರು ತರಿಸಿ. ಸಗಣಿ ಗಿಡಕ್ಕೆ ಹಾಕಿ.

ಹಾಗೆಯೇ, ಹೌಸ್‌ಕೀಪಿಂಗ್‌ನವರು ಎಲ್ಲ ಮಹಡಿಗೂ ಒಂದೇ ದಿನ ಆಸಿಡ್, ಬ್ಲೀಚಿಂಗ್ ಹೊಡೆಯುವುದನ್ನು ತಪ್ಪಿಸಿ, ವಾರಕ್ಕೆ ಹಂಚಿಕೊಳ್ಳಲಿ, ಒಟ್ಟಿಗೆ ಬಂದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ನಗರ ಮಟ್ಟದಲ್ಲೂ ತತ್ವ ಇದೇ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರ್ ಕೋಲಾರದ ಕೆರೆಗಳಿಗೆ ಹರಿಸುವ ಗುರಿಯಿತ್ತು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಹೋಯಿತು. ಅದು ಎರಡನೇ ಹಂತದವರೆಗೆ, ಅಂದರೆ ಈ ಏರೇಷನ್ ಮತ್ತು ಸೆಟ್ಲಿಂಗ್ ಹಂತದವರೆಗೆ ಮಾತ್ರ ಶುದ್ಧವಾದ ನೀರು, ಮೂರನೇ ಹಂತವೂ ಬೇಕು ಅನ್ನುವ ಒತ್ತಾಯ ಅಲ್ಲಿನವರದು. ಅಂತರ್ಜಲಕ್ಕೆ ಇಳಿಯುವ ನೀರಿನ ವಿಷಯದಲ್ಲಿ ಆ ಬೇಡಿಕೆ ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ. ಆದರೆ ಎರಡನೇ ಹಂತವೇ ಸಡಿಲವಾಗಿದ್ದರೆ ಅದರ ಮೇಲೆ ಎಂಥ ಫಿಲ್ಟರ್ ಕೂರಿಸಿದರೂ ದುಡ್ಡು ದಂಡ.

ಈಗ ನಾವು ಒಪ್ಪಂದ ಮಾಡಿಕೊಳ್ಳುವಾಗ ಲಾಗ್‌ಬುಕ್ಕಿಗೆ ಎರಡು ಕಾಲಂ ಸೇರಿಸಿ ಅಂತ ಕೇಳುತ್ತೇವೆ: ಬೆಳಿಗ್ಗೆ ಜಾಡಿಯ ಅಂಕಿ, ಆ ದಿನ ಹೊರಗೆ ಹೋದ ಕೇಕ್ ಎಷ್ಟು ಕೆಜಿ. ಪ್ರೆಸ್ ನಡೆಸಲು ಇನ್ನೊಬ್ಬ ಹುಡುಗನ ಸಂಬಳವನ್ನೂ ಕೊಟೇಶನ್ನಿನಲ್ಲಿ ಬೇರೆಯಾಗಿಯೇ ತೋರಿಸುತ್ತೇವೆ. ಅದನ್ನು ಹೊಡೆದು ಹಾಕಿ ಎನ್ನುವ ಕಮಿಟಿಗಳ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದೇವೆ.