ಛತ್ರಿ ಕೆಳಗಿಟ್ಟು ಕೇಳಿ

ಪುಣೆಯಲ್ಲಿ ಗಾಲ್ಫ್ ಕಲಿಸುವ ಕನ್ನಡದವನು ಅಂತ ಗೊತ್ತಾದರೆ ಸಾಕು. ಮದುವೆ, ತೊಟ್ಟಿಲ ಕಾರ್ಯ, ಒಮ್ಮೆ ಹದಿಮೂರನೇ ದಿನದ ಊಟದಲ್ಲೂ ಅದೇ ಪ್ರಶ್ನೆ: "ನನ್ನ ಬಾಲ್ ಬಲಕ್ಕ ಯಾಕ್ ಹೊಳ್ಳತೈತ್ರೀ? ಸ್ವಿಂಗ್ ಹ್ಯಾಂಗ ಸರಿ ಮಾಡ್ಕೋಬೇಕು? ಒಂದ ಮಾತನ್ಯಾಗ ಹೇಳ್ರಿ."

ಆ 'ಒಂದ ಮಾತನ್ಯಾಗ' ಕೇಳಿದರೆ ಮೈ ಉರಿಯುತ್ತದೆ. ನಮ್ಮಪ್ಪ ಗೌಂಡಿ. ಗೋಡೆ ಯಾಕೆ ಬಿರುಕು ಬಿಟ್ಟಿತು, ಒಂದೇ ಮಾತಲ್ಲಿ ಹೇಳಪ್ಪಾ ಅಂತ ಅವನನ್ನು ಯಾರೂ ಕೇಳಲಿಲ್ಲ. ಬಂದು ಗೋಡೆ ನೋಡು ಅಂತಿದ್ದರು.

ಹೋದ ಮಳೆಗಾಲ ಕೋಥ್ರೂಡ್‌ನಲ್ಲಿ ಒಂದು ಗೃಹಪ್ರವೇಶ. ಬೀಗರ ಕಡೆಯವರೊಬ್ಬರು, ಮೂಲ ಹುಬ್ಬಳ್ಳಿ, ಖರಾಡಿಯಲ್ಲಿ ಐಟಿ ಕೆಲಸ. ಊಟದ ನಡುವೆ ಎದ್ದು, ಮೂಲೆಯಲ್ಲಿದ್ದ ಛತ್ರಿ ಹಿಡಿದು ಬೀಸಿಯೇ ಬಿಟ್ಟರು. ಹಸಿ ಛತ್ರಿ. ಎಣ್ಣೆಗಾಯಿ ಮೇಲೆ, ಅಜ್ಜಿಯೊಬ್ಬರ ಕನ್ನಡಕದ ಮೇಲೆ ನೀರು. "ನಾ ತಲಿ ಎತ್ತತೇನ್ರೀ. ಅದ ತಪ್ಪು, ಹೌದಿಲ್ಲೋ?"

ಅಲ್ಲ. ಗಾಲ್ಫಿನಲ್ಲಿ 'ತಲೆ ಎತ್ತಿದೆ' ಅನ್ನುವುದು ಕೂಸಿಗೆ ದೃಷ್ಟಿ ಆಗಿದೆ ಅಂದ ಹಾಗೆ. ಅತ್ತರೂ ಅದೇ, ಹಾಲು ಕುಡಿಯದಿದ್ದರೂ ಅದೇ. ಸ್ವೀಡನ್ನಿನ ಗಾಲ್ಫ್ ಆಟಗಾರ್ತಿ ಅನಿಕಾ ಸೊರೆನ್‌ಸ್ಟಾಮ್ ಕ್ಲಬ್ಬು (ಬಾಲ್ ಹೊಡೆಯುವ ಕೋಲು) ಬಾಲಿಗೆ ತಾಗುವ ಹೊತ್ತಿಗೇ ಮುಖವನ್ನು ಮುಂದಕ್ಕೆ ತಿರುಗಿಸಿರುತ್ತಿದ್ದರು. 2001ರಲ್ಲಿ ಒಂದು ಸುತ್ತನ್ನು ಬರೀ 59 ಹೊಡೆತಕ್ಕೆ ಮುಗಿಸಿದ್ದೂ ಅದೇ ತಲೆ ಹೊತ್ತುಕೊಂಡೇ.

ಬಾಲ್ ಹೊರಡುವುದು ಹೆಚ್ಚುಕಡಿಮೆ ಕ್ಲಬ್ಬಿನ ಮುಖ, ಅಂದರೆ ಬಾಲಿಗೆ ತಾಗುವ ಚಪ್ಪಟೆ ಭಾಗ, ನೋಡುವ ಕಡೆಗೆ. ಆಮೇಲೆ ಹೊಳ್ಳುವುದು, ಆ ಮುಖಕ್ಕೂ ಕ್ಲಬ್ಬು ಬೀಸಿ ಬಂದ ದಾರಿಗೂ ಹೊಂದದೆ ಇದ್ದರೆ. ಮುಖ ತೆರೆದಿದೆ, ಅಂದರೆ ಬೀಸಿದ ದಾರಿಗಿಂತ ಬಲಕ್ಕೆ ನೋಡುತ್ತಿದೆ, ಕೈ ಹೊರಗಿಂದ ಒಳಕ್ಕೆ, ಮೈಯ ಕಡೆಗೆ ಎಳೆಯುತ್ತಿದೆ, ಬಾಲ್ ಬಲಕ್ಕೆ ಬಾಗದೆ ಇನ್ನೇನು ಮಾಡೀತು? (ಎಡಚರು ಇದನ್ನು ಕನ್ನಡಿಯಲ್ಲಿ ಓದಿಕೊಳ್ಳಿ.) ಬಾಲು, ಕ್ಲಬ್ಬು ಕೂಡಿರುವುದು ಅರ್ಧ ಮಿಲಿಸೆಕೆಂಡಿನಷ್ಟು, ಅಷ್ಟರೊಳಗೆ ಮಣಿಕಟ್ಟು ತಿರುವಿ ಸರಿಮಾಡುತ್ತೇನೆ ಅನ್ನುವವರಿಗೆ ದೊಡ್ಡ ನಮಸ್ಕಾರ. ಬಲಕ್ಕೆ ಹೋಗುತ್ತದಲ್ಲ ಅಂತ ಎಡಕ್ಕೆ ತಿರುಗಿ ನಿಲ್ಲುವ ಜಾಣರೂ ಇದ್ದಾರೆ. ಅವರು ಇನ್ನೂ ಎಡಕ್ಕೆ ಎಳೆಯುತ್ತಾರೆ, ಬಾಲ್ ಇನ್ನೂ ಬಾಗುತ್ತದೆ.

ಅದಕ್ಕೇ ಮೊದಲು ಹಿಡಿತ. ಛತ್ರಿ ಬೀಸಿದವರ ಎಡಗೈಯನ್ನು ಅದೇ ಛತ್ರಿಯ ಮೇಲೆ ಒಂಚೂರು ಬಲಕ್ಕೆ ಹೊರಳಿಸಿದೆ. ಬಲಗೈಗೆ ಶೇಂಗಾ ಹಿಂಡಿ ಮೆತ್ತಿತ್ತು, ಅದನ್ನು ಮುಟ್ಟಲಿಲ್ಲ. ಮೇಲಿಂದ ನೋಡಿದರೆ ಮೊದಲು ಒಂದೇ ಗೆಣ್ಣು ಕಾಣುತ್ತಿತ್ತು. ಈಗ ಎರಡು, ಮೂರನೆಯದು ಅರ್ಧ. ಹೆಬ್ಬೆರಳು ತೋರುಬೆರಳಿನ ನಡುವಿನ ಗೆರೆ ಬಲಭುಜದ ಕಡೆ.

"ಭಾಳ ಸೊಟ್ಟ ಅನಸ್ತೈತ್ರೀ."

ಅನ್ನಿಸಲೇಬೇಕು. ವಾರಗಟ್ಟಲೆ ಅನ್ನಿಸುತ್ತದೆ, ಆ ವಾರಗಳಲ್ಲಿ ಆಟ ಮತ್ತಷ್ಟು ಕೆಡುತ್ತದೆ. ಅದು ಯಾರಿಗೂ ಬೇಡ. ಸೊಂಟದ ಬಗ್ಗೆ ಹೇಳಿ, ಭುಜದ ಬಗ್ಗೆ ಹೇಳಿ, ದೂರ ಹೊಡೆಯುವ ಹೊಸ ಕ್ಲಬ್ಬು, ಡ್ರೈವರ್, ಯಾವುದು ತಗೊಳ್ಳಲಿ ಹೇಳಿ ಅಂತಾರೆ.

ಇಷ್ಟೆಲ್ಲ ಕೇಳುವವರು 'ನೀ ಎಲ್ಲಿ ಕಲಿತೆ' ಅಂತ ಮಾತ್ರ ಕೇಳುವುದಿಲ್ಲ. ಕೇಳಿದ್ದರೆ ಛತ್ರಿ ನಾನೇ ಹಿಡಿದುಕೊಂಡು ಖುಷಿಯಿಂದ ಹೇಳುತ್ತಿದ್ದೆ. ಹತ್ತನೇತ್ತೆ ಫೇಲಾದ ಮೇಲೆ ಗಾಲ್ಫ್ ಆಡುವವರ ಬ್ಯಾಗ್ ಹೊರುವ ಕ್ಯಾಡಿಯಾದೆ. ಬ್ಯಾಗ್ ಹೊರುವುದು ಏನೂ ಅಲ್ಲ, ಬಾಲ್ ಹುಡುಕುವುದೇ ಕಷ್ಟ. ಮಳೆಗಾಲದ ಹುಲ್ಲಿನಲ್ಲಿ ಅದು ಸಿಗಬೇಕಾದರೆ ಯಾವ ಕಡೆಗೆ ಹೊರಟಿತು, ಎಲ್ಲಿ ಬಾಗಲು ಶುರುವಾಯಿತು ಎರಡೂ ನೆನಪಿರಬೇಕು. ಹೊಡೆದವರು ತಮ್ಮನ್ನು ನೋಡಿಕೊಳ್ಳುತ್ತಾರೆ, ಕ್ಯಾಡಿ ಬಾಲ್ ನೋಡುತ್ತಾನೆ. ಹೀಗೆ ಬಲಕ್ಕೆ ಬಾಗುವ ಹೊಡೆತಕ್ಕೆ ಸ್ಲೈಸ್ ಅನ್ನುವ ಹೆಸರಿದೆ ಅಂತ ತಿಳಿಯುವ ಮೊದಲೇ ಅಂಥ ಬಾಲ್ ಎಲ್ಲಿ ಬೀಳುತ್ತದೆ ಅಂತ ನನಗೆ ಗೊತ್ತಿತ್ತು. ಬೆಂಗಳೂರಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದಾಗ ನಾವು ಕ್ಯಾಡಿಗಳು ದುಡ್ಡು ಕೂಡಿಸಿ ಪೇಢೆ ಹಂಚಿದ್ದೆವು. ಛತ್ರಿಯವರಿಗೆ ಆ ಹೆಸರು ಹೇಳಿದೆ. "ಯಾರ್ರೀ ಅವರು?" ಅಂದರು.

ಮುಂದಿನ ಭಾನುವಾರ ಅವರದೊಂದು ವಿಡಿಯೋ ಬಂತು. ಹೊಸ ಕೈಗವಸು. ಹಿಡಿತ ಪರವಾಗಿಲ್ಲ. ಕ್ಲಬ್ಬು ಬಾಲಿಗೆ ತಾಗಿದ್ದೇ ತಡ ವಿಡಿಯೋ ಮುಗಿಯಿತು. ಕೆಳಗೆ, "ಹ್ಯಾಂಗೈತ್ರೀ?"

"ಬಾಲ್ ಎಲ್ಲಿ ಹೋತು?" ಅಂತ ಕೇಳಿದೆ.

"ನೋಡ್ಲಿಲ್ರೀ. ತಲಿ ತೆಳಗ ಇತ್ತು."