ಎರಡು ಕೆರೆ ಕಣಿವೆಯಲ್ಲಿ ಹೆಸರು ಹುಡುಕುತ್ತಾ

ಡಬ್ಲಿನ್‌ನಲ್ಲಿ ಬಸ್ಸು ಹತ್ತಿದಾಗ ಬಿಸಿಲಿತ್ತು. ವಿಕ್ಲೋ ಬೆಟ್ಟ ಮುಟ್ಟುವಷ್ಟರಲ್ಲಿ ಜಿಟಿಜಿಟಿ ಮಳೆ. ಮಲೆನಾಡಿನವಳಾದ ನನಗೆ ಅದೇನೂ ಹೊಸದಲ್ಲ. ಲಾರಾ ಹಳ್ಳಿ ದಾಟಿ ಗ್ಲೆಂಡಲಾಕ್‌ನಲ್ಲಿ ಇಳಿದೆ.

ಎಲ್ಲರೂ ಇಲ್ಲಿಗೆ ಬರುವುದು ಸಂತ ಕೆವಿನ್‌ನ ಹಳೇ ಮಠ, ದುಂಡು ಗೋಪುರ ನೋಡೋಕೆ. ನಾನೂ ನೋಡಿದೆ, ಚೆನ್ನಾಗಿದೆ. ಆದರೆ ನಾನು ಬಂದಿದ್ದು ಹೆಸರುಗಳಿಗಾಗಿ.

ದಾರಿಯ ಬೋರ್ಡಿನಲ್ಲಿ ಎರಡು ಸಾಲು. ಮೇಲೆ ವಾಲಿದ ಅಕ್ಷರದಲ್ಲಿ ಐರಿಶ್: ಗ್ಲ್ಯಾನ್ ದಾ ಲಖ್. ಎರಡು ಕೆರೆಯ ಕಣಿವೆ. (ಸರೋವರ ಅನ್ನಬೇಕೇನೋ, ನನ್ನ ಬಾಯಿಗೆ ಕೆರೆ ಅಂತಲೇ ಬಂತು.) ಕೆಳಗೆ ಇಂಗ್ಲಿಷ್‌ನಲ್ಲಿ ಹೆಚ್ಚುಕಡಿಮೆ ಅದೇ ಸದ್ದು, ಅರ್ಥ ಮಾತ್ರ ಇಲ್ಲ. ಮಡಿಕೇರಿ ಮರ್ಕರಾ ಆದ ಹಾಗೆ, ಅಲ್ವಾ?

1824ರಲ್ಲಿ ಬ್ರಿಟಿಷರು ಇಡೀ ಐರ್ಲೆಂಡನ್ನು ಅಳೆಯಲು ಹೊರಟರು. ತೆರಿಗೆಗೆ ಸರಿಯಾದ ಲೆಕ್ಕ ಬೇಕಿತ್ತು. ಮೈಲಿಗೆ ಆರು ಇಂಚಿನ ನಕ್ಷೆ. ಒಂದೊಂದು ಚರ್ಚಿನ ವ್ಯಾಪ್ತಿಯಾದ ಪ್ಯಾರಿಷ್‌ಗಳ ಒಳಗೆ ಟೌನ್‌ಲ್ಯಾಂಡ್ ಎನ್ನುವ ತುಂಡುಗಳು. ಟೌನ್ ಅಂತ ಮೋಸ ಹೋಗಬೇಡಿ, ಎಷ್ಟೋ ಕಡೆ ನಾಲ್ಕು ಮನೆ, ಒಂದಿಷ್ಟು ಕುರಿ ಅಷ್ಟೇ. ಇಂಥವು ದೇಶದಲ್ಲಿ 60,000ಕ್ಕೂ ಜಾಸ್ತಿ. ಪ್ರತಿಯೊಂದಕ್ಕೂ ಹೆಸರು!

ಆ ಹೆಸರುಗಳಿಗೆಂದೇ ಪುಸ್ತಕಗಳಿದ್ದವು. ಒಂದೇ ಊರಿಗೆ ಪಾದ್ರಿಯದು ಒಂದು ಸ್ಪೆಲಿಂಗ್, ಜಮೀನ್ದಾರನ ಕಡೆಯವರದು ಇನ್ನೊಂದು, ಹಳೇ ನಕ್ಷೆಯದು ಮತ್ತೊಂದು. ಎಲ್ಲವನ್ನೂ ಬರೆದು, ಪಕ್ಕದಲ್ಲೇ ಅದು ಯಾರದ್ದು ಅಂತಲೂ ಬರೆಯುತ್ತಿದ್ದರು. ಈ ಗೋಜಲು ಬಿಡಿಸಲು ಐರಿಶ್ ಚೆನ್ನಾಗಿ ಬಲ್ಲ ಜಾನ್ ಓಡೊನೊವನ್ ಊರೂರು ತಿರುಗುತ್ತಿದ್ದ. ಹಳಬರ ಬಾಯಲ್ಲಿ ಹೆಸರು ಹೇಳಿಸಿ, ಮೂಲ ಹುಡುಕಿ, ನಕ್ಷೆಗೆ ಯಾವ ಸ್ಪೆಲಿಂಗ್ ಹೋಗಬೇಕು ಅಂತ ಹೇಳುತ್ತಿದ್ದ.

1839ರ ಜನವರಿ 6ರ ರಾತ್ರಿ ಅವನು ಇದೇ ಕಣಿವೆಯಲ್ಲಿ ತಂಗಿದ್ದ. ಐರ್ಲೆಂಡಿನವರು ಇಂದಿಗೂ ‘ದೊಡ್ಡ ಗಾಳಿಯ ರಾತ್ರಿ’ ಎಂದು ನೆನೆಯುವ ರಾತ್ರಿ ಅದು. ಗಾಳಿ ಅವನ ಕೋಣೆಯ ಕಿಟಕಿಯನ್ನೇ ಒಳಕ್ಕೆ ನೂಕಿತಂತೆ.

ಸರ್ವೆಯವರೇ ಹೆಸರು ಕೆಡಿಸಿದರು ಅಂತ ಬೈಯುತ್ತಲೇ ಬಂದಿದ್ದೆ. ಆದರೆ ವಿಕ್ಲೋದಲ್ಲಿ ಅವನು ಬರುವ ಹೊತ್ತಿಗೇ ಐರಿಶ್ ಮಾತು ಹೆಚ್ಚುಕಡಿಮೆ ಮರೆಯಾಗಿತ್ತು. ಜನರ ಬಾಯಲ್ಲಿ ಉಳಿದದ್ದು ಸದ್ದು. ಇಲ್ಲಿನ ಒಂದು ಜಾಗಕ್ಕೆ ಬ್ರೋಕಾ ಅನ್ನುತ್ತಿದ್ದರು, ಆ ಹೆಸರಿನೊಳಗೆ ಬಿಲ ತೋಡುವ ಬ್ಯಾಡ್ಜರ್ ಕೂತಿದೆ ಅಂತ ಎಷ್ಟು ಜನರಿಗೆ ಗೊತ್ತಿತ್ತೋ! ಇನ್ನೊಂದಕ್ಕೆ ಡೆರಿಬಾನ್ ಅನ್ನುತ್ತಿದ್ದರು, ಅಂದರೆ ಬಿಳಿ ಓಕ್ ಕಾಡು. ಅರ್ಥ ಕಳೆದದ್ದು ನಕ್ಷೆಗಿಂತ ಮೊದಲೇ.

ಮಠ ಇರುವ ಟೌನ್‌ಲ್ಯಾಂಡಿನ ಹೆಸರು ಇನ್ನೂ ಮಜಾ. ಸರ್ಕಾರಿ ಪಟ್ಟಿಯಲ್ಲೇ ‘ಸೆವೆನ್‌ಚರ್ಚಸ್ ಅಥವಾ ಕ್ಯಾಮಡೆರಿ’ ಅಂತಿದೆ. ಆ ‘ಅಥವಾ’ ಕೂಡ ಹೆಸರಿನ ಭಾಗವೇ.

ಮಳೆ ಜೋರಾಯಿತು. ಚಹಾ ಕುಡಿಯಲು ಹೋದಲ್ಲಿ ಕ್ಯಾಮಡೆರಿ ಎಲ್ಲಿ ಅಂತ ಕೇಳಿದೆ. ಅಲ್ಲಿದ್ದ ಅಜ್ಜಿ ಕಿಟಕಿಯಾಚೆಯ ಬೆಟ್ಟ ತೋರಿಸಿ ಆ ಹೆಸರನ್ನು ತಮ್ಮ ರಾಗದಲ್ಲಿ ಹೇಳಿದರು. ನನ್ನ ಕಿವಿಗೆ ‘ಕಾಮದೇರಿ’ ಅಂತ ಕೇಳಿಸಿತು. ಇನ್ನೊಮ್ಮೆ ಹೇಳಿಸಿದೆ. ಆಗಲೂ ಹಾಗೇ. ಡೈರಿ ತೆಗೆದು ಎರಡನ್ನೂ ಬರೆದು ನಡುವೆ ‘ಅಥವಾ’ ಹಾಕಿಕೊಂಡೆ.