ಲಿವರ್ ಆಪರೇಷನ್ ಆಗಿ ಊರಿಗೆ ಬಂದವರು: ಡ್ರೆಸ್ಸಿಂಗ್ ರೂಮಿನಲ್ಲಿ ಕಂಡಿದ್ದು

ಶಿರಸಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಡ್ರೆಸ್ಸಿಂಗ್ ರೂಮು ನೋಡಿಕೊಳ್ಳುವ ನರ್ಸ್ ನಾನು. ಲಿವರ್‌ನ ದೊಡ್ಡ ಆಪರೇಷನ್ ನಮ್ಮಲ್ಲಿ ಆಗುವುದಿಲ್ಲ. ಅದಕ್ಕೆ ಹುಬ್ಬಳ್ಳಿಗೋ, ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೋ ಹೋಗಬೇಕು. ವಾಪಸ್ ಬಂದವರು ಹೊಲಿಗೆ ಬಿಚ್ಚಿಸಲು ನಮ್ಮಲ್ಲಿಗೆ ಬರುತ್ತಾರೆ. ಹಾಗಾಗಿ ಹೊಟ್ಟೆ ಕೊಯ್ದು ಮಾಡಿದ್ದನ್ನೂ ನೋಡಿದ್ದೇನೆ, ದುರ್ಬೀನು, ಅಂದರೆ ಸಣ್ಣ ತೂತಿನಲ್ಲಿ ಕ್ಯಾಮೆರಾ (ಲ್ಯಾಪರೊಸ್ಕೋಪ್) ಹಾಕಿ ಮಾಡಿದ್ದನ್ನೂ ನೋಡಿದ್ದೇನೆ.

ಕೊಯ್ದು ಮಾಡಿದ್ದಾದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಉದ್ದದ ಗೆರೆ. ಕೆಮ್ಮಿದರೆ ಜೀವ ಬಾಯಿಗೆ ಬರುತ್ತದೆ. ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ಹೇಳಿಕೊಡುತ್ತೇನೆ. ದುರ್ಬೀನಿನದಾದರೆ ನಾಲ್ಕೈದು ತೂತು, ಜೊತೆಗೆ ಹೆಚ್ಚಾಗಿ ಕೆಳಹೊಟ್ಟೆಯಲ್ಲಿ ಸಿಸೇರಿಯನ್ ತರಹದ್ದೇ ಒಂದು ಗೆರೆ. “ಇದ್ಯಾಕೆ ಸಿಸ್ಟರ್?” ಅಂತ ಕೇಳುತ್ತಾರೆ. ಅರ್ಧ ಲಿವರ್ ತೂತಿನಲ್ಲಿ ಹೊರಗೆ ಬರುವುದಿಲ್ಲ ಅಲ್ವಾ? ಒಳಗೇ ಚೀಲಕ್ಕೆ ಹಾಕಿ ಅಲ್ಲಿಂದ ತೆಗೆಯುತ್ತಾರೆ.

ಕಷ್ಟ ಇರುವುದು ಆ ಸಣ್ಣ ತೂತುಗಳಲ್ಲೇ. ಅವನ್ನು ನೋಡಿ ಆಪರೇಷನ್ನೂ ಸಣ್ಣದೇ ಅಂದುಕೊಳ್ಳುತ್ತಾರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಬಂದ ಯಜಮಾನರೊಬ್ಬರು “ನಾಳೆಯಿಂದ ತೋಟಕ್ಕೆ ಹೋದರೆ ಅಡ್ಡಿಲ್ಲ ಅಲ್ವಾ ತಂಗೀ?” ಅಂದರು. ಡಿಸ್ಚಾರ್ಜ್ ಪೇಪರ್ ನೋಡಿದರೆ ಲಿವರ್‌ನ ಬಲಭಾಗ ಪೂರ್ತಿ ತೆಗೆದಿದ್ದಾರೆ! ಮನೆಯವರಿಗೂ ಅದರ ಅಂದಾಜಿರಲಿಲ್ಲ. ಉಳಿದ ಲಿವರ್ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಅಲ್ಲಿಯವರೆಗೆ ಸುಸ್ತು ಇದ್ದೇ ಇರುತ್ತದೆ. ಈಗ ನಾನು ಪಟ್ಟಿ ಬಿಚ್ಚುವ ಮೊದಲೇ ಪೇಪರ್ ಓದಿ, ಎಷ್ಟು ತೆಗೆದಿದ್ದಾರೆ ಅನ್ನುವುದನ್ನು ಮನೆಯವರಿಗೆ ಚಿತ್ರ ಬರೆದು ತೋರಿಸುತ್ತೇನೆ. ಲಿವರ್‌ನಲ್ಲಿ ಎಂಟು ಭಾಗ. ಮೂರು ಅಥವಾ ಅದಕ್ಕಿಂತ ಜಾಸ್ತಿ ತೆಗೆದರೆ ಅದು ದೊಡ್ಡ ಆಪರೇಷನ್ನೇ, ಹೇಗೆ ಮಾಡಿದರೂ.

ಒಳಗಿನ ಕೆಲಸ ಎರಡರಲ್ಲೂ ಒಂದೇ. ಲಿವರ್‌ಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ಒತ್ತಿ ನಿಲ್ಲಿಸುವ ಉಪಾಯವನ್ನು ಪ್ರಿಂಗಲ್ ಎಂಬ ಸರ್ಜನ್ 1908ರಲ್ಲೇ ಬರೆದಿಟ್ಟಿದ್ದಾರೆ. ಇವತ್ತಿಗೂ ಎರಡೂ ಕಡೆ ಅದು ಬಳಕೆಯಲ್ಲಿದೆ. ದುರ್ಬೀನಿನಲ್ಲಿ ಹೊಟ್ಟೆಗೆ ತುಂಬುವ ಗ್ಯಾಸಿನ ಒತ್ತಡದಿಂದ ಸಣ್ಣಪುಟ್ಟ ರಕ್ತ ಸೋರುವುದು ಕಡಿಮೆಯಾಗುತ್ತದೆ. ಆದರೆ ಗಡ್ಡೆಯನ್ನು ಕೈಯಿಂದ ಮುಟ್ಟಿ ನೋಡಲು ಆಗುವುದಿಲ್ಲ. ದೊಡ್ಡ ರಕ್ತನಾಳ ಹರಿದರೆ ಹೊಟ್ಟೆ ಕೊಯ್ಯಲೇಬೇಕಾಗಬಹುದು. “ಅರ್ಧಕ್ಕೇ ಬಿಟ್ಟು ಕೊಯ್ದುಬಿಟ್ಟರು” ಅಂತ ಸರ್ಜನ್‌ರನ್ನು ಬೈಯುವುದನ್ನು ಕೇಳಿದ್ದೇನೆ. ಜೀವ ಉಳಿಸಲು ಹಾಗೆ ಮಾಡಿರುತ್ತಾರೆ ಮಾರಾಯ್ರೇ.

ಹಾಗಾದರೆ ದುರ್ಬೀನಿನಿಂದ ಲಾಭ ಎಷ್ಟು? ಯುರೋಪಿನ 16 ಆಸ್ಪತ್ರೆಗಳು ಸೇರಿ ಮಾಡಿದ ‘ಆರೆಂಜ್ ಟು ಪ್ಲಸ್’ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಅರ್ಧ ಲಿವರ್ ತೆಗೆಯುವ ಆಪರೇಷನ್ನೇ. ತಾವೇ ಓಡಾಡಿ, ಊಟ ಮಾಡಿ, ಬರೀ ಮಾತ್ರೆಯಲ್ಲಿ ನೋವು ತಡೆಯುವಷ್ಟು ಸುಧಾರಿಸಲು ದುರ್ಬೀನಿನವರಿಗೆ ಸುಮಾರು 4 ದಿನ, ಕೊಯ್ದವರಿಗೆ 5 ದಿನ ಹಿಡಿಯಿತು. ದೊಡ್ಡ ತೊಂದರೆಗಳಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಒಂದೇ ದಿನವಾ ಅಂತ ನನಗೂ ಅನ್ನಿಸಿತು. ಆದರೆ ಆಮೇಲೆ ಕೀಮೋ ಬೇಕಾದವರಿಗೆ ಅದೂ ಬೇಗ ಶುರುವಾಯಿತು, ಅದು ಸಣ್ಣ ವಿಷಯವಲ್ಲ. ಇದೆಲ್ಲ ಕೈ ಪಳಗಿದ ಸರ್ಜನ್‌ಗಳ ಲೆಕ್ಕ ಅನ್ನುವುದೂ ನೆನಪಿರಲಿ. ಅದಕ್ಕೇ “ಯಾವುದು ಒಳ್ಳೆಯದು?” ಅಂತ ಸುಮ್ನೆ ಕೇಳುವ ಬದಲು “ನೀವು ಇದನ್ನು ಎಷ್ಟು ಸಲ ಮಾಡಿದ್ದೀರಿ, ಎಷ್ಟು ಲಿವರ್ ಉಳಿಯುತ್ತದೆ?” ಅಂತ ಕೇಳಿ ಅನ್ನುತ್ತೇನೆ.

ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆ ಉಬ್ಬರ, ಕಣ್ಣು ಹಳದಿಯಾಗುವುದು, ಹೊಟ್ಟೆಗೆ ಹಾಕಿದ ಪೈಪಿನಲ್ಲಿ ಹಸಿರು ಹಳದಿ ಪಿತ್ತ ಬರುವುದು, ಇವುಗಳಲ್ಲಿ ಒಂದು ಕಂಡರೂ ಆಪರೇಷನ್ ಮಾಡಿದ ಆಸ್ಪತ್ರೆಗೆ ತಕ್ಷಣ ಫೋನ್ ಮಾಡಿ. ಕಾಮಾಲೆ ಇರಬೇಕು ಅಂತ ನಾಟಿ ಔಷಧಿಗೆ ಮಾತ್ರ ಹೋಗಬೇಡಿ.